ಭೀಮಿಲಿಯಲ್ಲಿ ಕಳೆದ ಹಗಲು

ಭೀಮಿಲಿಗೆ ಹೋಗೋಣವೆಂದು ಹಟ ಹಿಡಿದವನು ರಾಮಮೋಹನನೇ. ದಸರಾ ರಜೆ ಮುಗಿಯುತ್ತ ಬಂದಿತ್ತು. ಮಗಳು ಪ್ರೇರಣಾ ಮರುದಿನ ಬೆಳಿಗ್ಗೆ ರೈಲು ಹತ್ತಿ ವಿಜಯವಾಡದ ಹಾಸ್ಟೆಲಿಗೆ ಮರಳಬೇಕಿತ್ತು. ವಿಶಾಖಪಟ್ಟಣದ ಮನೆಗೆ ಬಂದಾಗಿನಿಂದ ಅವಳು ಕೋಣೆ ಬಿಟ್ಟು ಹೊರಗೆ ಕಾಲಿಟ್ಟದ್ದೇ ಅಪರೂಪ. ಊಟಕ್ಕೆ ಕರೆದರೆ ಬರುವಳು, ತಟ್ಟೆಯಲ್ಲಿದ್ದುದನ್ನು ಅರ್ಧ ಉಂಡು ಎದ್ದು ಹೋಗುವಳು.

"ಏವಂಡೀ, ಹೋದ ತಕ್ಷಣ ಟೆಸ್ಟ್ ಇದೆಯಂತೆ ಕದಾ. ಇಡೀ ಹಗಲು ಹಾಳಾಗುತ್ತೆ," ಎಂದಳು ಹೆಂಡತಿ ಕನಕದುರ್ಗ.

"ಒಂದು ದಿನಕ್ಕೆ ಏನೂ ಮುಳುಗಿ ಹೋಗಲ್ಲ ದುರ್ಗಾ. ಮಗು ಸ್ವಲ್ಪ ಗಾಳಿಗೆ ಬರಲಿ."

ರಾಮಮೋಹನ ಚಳ್ಳಕೆರೆಯವನು. ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿಜಯವಾಡದ ಒನ್ ಟೌನಿಗೆ ವರ್ಗವಾಗಿ ಬಂದು, ಒಣಮೆಣಸಿನಕಾಯಿ ಮಂಡಿಯ ಯಜಮಾನರೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ. ಆ ಯಜಮಾನರ ಮಗಳೇ ಕನಕದುರ್ಗ. ಮದುವೆಯಾದ ಮೇಲೆ ಅತ್ತೆಯ ಜೊತೆ ಇದ್ದು ಅವಳು ಕನ್ನಡ ಕಲಿತಳು. ಮಗಳಿಗೆ ಮಾತ್ರ ತೆಲುಗೇ ಹೆಚ್ಚು ಸಲೀಸು. ಕನ್ನಡವೆಂದರೆ ಅಪ್ಪನ ಜೊತೆಗೆ ಮತ್ತು ಚಳ್ಳಕೆರೆಯ ಫೋನಿಗೆ ಮಾತ್ರ. ಹತ್ತನೆಯ ತರಗತಿ ಮುಗಿದ ಕೂಡಲೇ ಮಂಡಿಯ ಅಜ್ಜ ಓಡಾಡಿ ವಿಜಯವಾಡದ ಹೊರವಲಯದ ಒಂದು ರೆಸಿಡೆನ್ಷಿಯಲ್ ಕಾಲೇಜಿನಲ್ಲಿ ಸೀಟು ಕೊಡಿಸಿದ್ದರು. ಬೆಳಗಿನ ಜಾವದಿಂದ ರಾತ್ರಿಯವರೆಗೆ ಓದಿಸಿ ಡಾಕ್ಟರು ಇಂಜಿನಿಯರುಗಳನ್ನು ಮಾಡುವ ಕಾಲೇಜು ಅದು.

ಅಲ್ಲಿಂದ ಒಂದು ಫೋನು ಬಂದಿತ್ತು. ಅದರ ವಿಷಯ ರಾಮಮೋಹನನೊಬ್ಬನಿಗೇ ಗೊತ್ತು. ಹಿಂದಿನ ತಿಂಗಳು, ಬ್ಯಾಂಕಿನಲ್ಲಿ ಎದುರಿಗೆ ಗಿರಾಕಿಗಳು ಕೂತಿರುವಾಗ ವಾರ್ಡನ್ ಕರೆ ಮಾಡಿ, "ನಿಮ್ಮ ಹುಡುಗಿ ಬೆಳಗಿನ ಜಾವ ಟೆರೇಸಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಕೊಂಡು ಅಂಚಿನ ಹತ್ತಿರ ಕೂತಿದ್ದಳು ಸಾರ್. ಎಷ್ಟು ಕರೆದರೂ ಬಾಗಿಲು ತೆಗೆಯಲಿಲ್ಲ. ಆಮೇಲೆ ತಾನೇ ಬಂದಳು. ಗಾಳಿಗೆ ಹೋಗಿದ್ದೆ ಅಂತಾಳೆ. ನನಗೆ ಯಾಕೋ ಹಾಗನ್ನಿಸಲಿಲ್ಲ. ರಜೆಗೆ ಬಂದಾಗ ಕೂರಿಸಿಕೊಂಡು ಮಾತಾಡಿ," ಎಂದಿದ್ದರು. ಅವನು ಸರಿ ಎಂದ. ಅವಳಮ್ಮನಿಗೆ ಫೋನ್ ಮಾಡಬೇಡಿ, ನಾನೇ ಹೇಳುತ್ತೇನೆ ಎಂದೂ ಸೇರಿಸಿದ.

ಹೇಳಲಿಲ್ಲ. ದುರ್ಗಾಗೆ ಬಿಪಿ ಇದೆ ಎಂಬುದು ಒಂದು ನೆವ. ಮಾವನವರು ನೊಂದುಕೊಳ್ಳುತ್ತಾರೆ ಎಂಬುದು ಇನ್ನೊಂದು. ಪರೀಕ್ಷೆಯ ಭಯಕ್ಕೆ ಯಾವ ಮಗುವೂ ಒಂದು ದಿನ ಹೀಗೆ ಮಾಡಬಹುದು, ಕೆದಕಿದರೆ ಹೆಚ್ಚಾಗುತ್ತದೆ, ಬಿಟ್ಟರೆ ತಾನಾಗಿ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ರಜೆಯುದ್ದಕ್ಕೂ ಮಗಳ ಕೋಣೆಯ ಬಾಗಿಲವರೆಗೆ ಹೋಗುವುದು, "ಹಾಲು ಕುಡಿದೆಯೇನಮ್ಮ" ಎಂದು ಕೇಳಿ ವಾಪಸ್ಸು ಬರುವುದು, ಇಷ್ಟೇ ಆಯಿತು. ಕೊನೆಯ ದಿನ ಭೀಮಿಲಿ ಎಂದು ಹೊರಡಿಸಿದ. ಆ ಹಳೆಯ ಮೀನುಗಾರರ ಪಟ್ಟಣದಲ್ಲಿ ಏನೇನು ನೋಡಬಹುದು, ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದೆಲ್ಲ ಬ್ಯಾಂಕಿನ ಸಹೋದ್ಯೋಗಿಯನ್ನು ಕೇಳಿ ತಿಳಿದುಕೊಂಡಿದ್ದ. ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ನಡುವೆ ಪುರುಸೊತ್ತೇ ಇರಬಾರದು, ಹಾಗಿತ್ತು ಅವನ ಏರ್ಪಾಡು.

ಕಡಲ ದಡದ ರಸ್ತೆಯಲ್ಲಿ ಕಾರು ಓಡಿಸುತ್ತ ಅವನು ಒಂದೇ ಸಮ ಮಾತಾಡಿದ. ಎಡಗಡೆ ಗುಡ್ಡದ ಮೇಲೆ ಬೌದ್ಧರ ವಿಹಾರವಿತ್ತು ನೋಡು, ಆ ಕೆಂಪು ಮರಳಿನ ದಿಬ್ಬಗಳಿಗೆ ಬರುವಾಗ ಹೋಗೋಣ, ಭೀಮಿಲಿಯ ಮುನಿಸಿಪಾಲಿಟಿ ದೇಶದ ಅತಿ ಹಳೆಯವುಗಳಲ್ಲಿ ಒಂದಂತೆ. ಪ್ರೇರಣಾ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು.

ಊರು ಮುಟ್ಟಿದ ಮೇಲೆ ಮೊದಲು ಹೋದದ್ದು ಡಚ್ಚರ ಗೋರಿಗಳಿಗೆ. ಗೋಡೆ ಕಟ್ಟಿದ ಆವರಣದಲ್ಲಿ ಆಳೆತ್ತರದ ಚೂಪು ಗೋಪುರಗಳಂತೆ ನಿಂತ ಸಮಾಧಿಗಳು. ಕಡಲಿನ ಉಪ್ಪುಗಾಳಿಗೆ ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು. ಕಲ್ಲುಗಳ ಮೇಲಿನ ಬರಹವನ್ನು ಪ್ರೇರಣಾ ಬಗ್ಗಿ ಬಗ್ಗಿ ನೋಡಿದಳು. ಆ ದಿನ ಅವಳು ಮನಸ್ಸಿಟ್ಟು ನೋಡಿದ್ದು ಅದೊಂದನ್ನೇ.

"ಅಪ್ಪಾ, ಇವರೆಲ್ಲ ಇಲ್ಲಿ ಸತ್ತಾಗ ಅವರ ಊರಲ್ಲಿ ಮನೆಯವರಿಗೆ ಯಾವಾಗ ಗೊತ್ತಾಗಿರುತ್ತೆ?"

"ಹಡಗಲ್ಲಿ ಸುದ್ದಿ ಹೋಗಬೇಕಲ್ಲಮ್ಮ. ವರ್ಷವೇ ಆಗ್ತಿತ್ತೇನೋ."

"ಅಲ್ಲೀವರೆಗೂ ಚೆನ್ನಾಗಿದ್ದಾನೆ ಅಂತಾನೇ ಅಂದ್ಕೊಂಡಿರ್ತಾರೆ ಅಲ್ವಾ?"

ಅವಳು ಕಲ್ಲಿನಿಂದ ಕಣ್ಣೆತ್ತಿ ಅಪ್ಪನ ಮುಖ ನೋಡುತ್ತ ನಿಂತಳು. ಈಗ ಕೇಳಿಬಿಡು ಎಂದು ರಾಮಮೋಹನನನ್ನು ಒಳಗಿನಿಂದ ಯಾರೋ ದೂಡಿದ ಹಾಗಾಯಿತು. ಅಷ್ಟರಲ್ಲಿ ದುರ್ಗಾ ಬಾಗಿಲ ಬಳಿಯಿಂದ, "ಹಬ್ಬದ ಮಾರನೇ ದಿನ ಗೋರಿ ನೋಡೋದು ಏನು ಚೆಂದ, ಬನ್ನಿ," ಎಂದು ಕರೆದಳು. "ಹೌದು ಹೌದು, ಬಿಸಿಲು ಏರೋಕೆ ಮುಂಚೆ ದೀಪಸ್ತಂಭ ನೋಡ್ಬೇಕು," ಎಂದು ಅವನು ಹೊರಟೇಬಿಟ್ಟ.

ದೀಪಸ್ತಂಭದ ಬಾಗಿಲಿಗೆ ಬೀಗವಿತ್ತು. ಹೊರಗಿನಿಂದ ಫೋಟೋ ತೆಗೆದರು. ಗಡಿಯಾರದ ಗಂಟಸ್ತಂಭದ ಮುಂದೆ ಮೂವರೂ ನಿಂತು ಇನ್ನೊಂದು ಫೋಟೋ. ನರಸಿಂಹಸ್ವಾಮಿಯ ಗುಡಿಯ ಮೆಟ್ಟಿಲು ಹತ್ತಿ ದರ್ಶನ ಮಾಡಿ ಇಳಿದರು. ಮೇಲಿನಿಂದ ಇಡೀ ಊರು ಕಾಣುತ್ತಿತ್ತು: ಹಳೆಯ ಹೆಂಚಿನ ಬಂಗಲೆಗಳು, ದಡದ ಮೇಲೆ ಎಳೆದಿಟ್ಟ ಬಣ್ಣದ ದೋಣಿಗಳು, ಗೋಸ್ತನಿ ನದಿ ಕಡಲಿಗೆ ಸೇರುವ ಬೆಳ್ಳನೆಯ ಅಳಿವೆ. ಕಡಲ ಬದಿಯ ಗಾಳಿಮರಗಳ ಕೆಳಗೆ ಕೂತು ದುರ್ಗಾ ಡಬ್ಬಿ ಬಿಚ್ಚಿ ಎಲೆಗಳಲ್ಲಿ ಪುಳಿಹೋರ ಹಂಚಿದಳು. ಹಂಚುತ್ತ, ಫಿಸಿಕ್ಸಿನಲ್ಲಿ ಈ ಸಲವಾದರೂ ಮೊದಲ ಬ್ಯಾಚಿಗೆ ಏರಬೇಕು, ತಾತ ಎಲ್ಲರ ಮುಂದೆ ಹೇಳಿಕೊಂಡಿದ್ದಾರೆ ಎಂದಳು. ಪ್ರೇರಣಾ "ಸರೇ ಅಮ್ಮಾ" ಎಂದು ಎಲೆಯನ್ನು ಮಡಿಸಿದಳು. ಅದರೊಳಗೆ ಪುಳಿಹೋರ ಹಾಗೇ ಉಳಿದಿತ್ತು.

ಅಲ್ಲಿಂದ ಮೀನಿನ ದಡ. ದೋಣಿಗಳು ಬಂದು ನಿಂತು ಹರಾಜು ನಡೆಯುತ್ತಿತ್ತು. ಮರಳಿನ ಮೇಲೆ ಹಾಸಿದ ಟಾರ್ಪಾಲಿನಲ್ಲಿ ದೊಡ್ಡ ದೊಡ್ಡ ವಂಜರಂ ಮೀನುಗಳು, ಪಕ್ಕದಲ್ಲಿ ಸಿಗಡಿಯ ರಾಶಿ. ಬುಟ್ಟಿ ಹಿಡಿದ ಹೆಂಗಸರು ಸುತ್ತುಗಟ್ಟಿ ಬೆಲೆ ಕೂಗುತ್ತಿದ್ದರು. ದುರ್ಗಾ ಮೂಗಿಗೆ ಸೆರಗು ಹಿಡಿದು ಕಾರಿನ ನೆರಳಿಗೆ ಹೋದಳು. ರಾಮಮೋಹನ ಗುಂಪಿನೊಳಗೆ ನುಗ್ಗಿ ವಿಡಿಯೋ ಮಾಡುತ್ತ ನಿಂತ. ಮಗಳು ಹಿಂದೆಯೇ ಇದ್ದಾಳೆಂದುಕೊಂಡು, "ನೋಡಮ್ಮ, ಕೈ ಬೆರಳಲ್ಲೇ ಹೇಗೆ ರೇಟು ಹೇಳ್ತಾರೆ," ಎಂದು ತಿರುಗಿದ. ಹಿಂದೆ ಯಾರೋ ಅಪರಿಚಿತ ಗಂಡಸು ನಿಂತಿದ್ದ.

ಕಾರಿನ ಬಳಿ ಹೋದ. ಅಲ್ಲಿ ದುರ್ಗಾ ಒಬ್ಬಳೇ.

"ನಿಮ್ಮ ಜೊತೇಲೇ ಬಂದ್ಲಲ್ಲಾ," ಎಂದಳು ಅವಳು.

ಫೋನ್ ಮಾಡಿದರು. ಹಿಂದಿನ ಸೀಟಿನ ಮೇಲೆ ಫೋನು ಗುಂಯ್‌ಗುಟ್ಟಿತು. ಅದನ್ನು ಬಿಟ್ಟು ಹೋಗಿದ್ದಳು.

"ಐಸ್‌ಕ್ರೀಮ್ ತಿನ್ನೋಕೆ ಹೋಗಿರ್ತಾಳೆ. ಹೇಳಿ ಹೋಗಬಾರದಾ ಈ ಅಮ್ಮಾಯಿ," ಎಂದು ದುರ್ಗಾ ಗೊಣಗುತ್ತ ಅಂಗಡಿಗಳ ಕಡೆ ನಡೆದಳು. ರಾಮಮೋಹನ ಅಂಗಡಿಗಳತ್ತ ನೋಡಲಿಲ್ಲ. ನೀರಿನಂಚಿಗೆ ಓಡಿದ. ಚಪ್ಪಲಿ ಮರಳಿನಲ್ಲಿ ಹೂತಾಗ ಅಲ್ಲೇ ಬಿಟ್ಟ. ದಡದುದ್ದಕ್ಕೂ ಸಿಕ್ಕವರನ್ನೆಲ್ಲ, ಹಸಿರು ಕುರ್ತಾ ಹಾಕಿದ ಹುಡುಗಿಯನ್ನು ನೋಡಿದಿರಾ, ಒಬ್ಬಳೇ ಇದ್ದಳಾ, ನೀರಿಗೆ ಇಳಿದಳಾ ಎಂದು ತೆಲುಗಿನಲ್ಲಿ ಕೇಳಿದ. ಬಲೆ ಒಣಹಾಕುತ್ತಿದ್ದ ಮುದುಕ ಇಲ್ಲವೆಂದು ತಲೆಯಾಡಿಸಿದ. ಅಲೆಗಳ ಮುಂದೆ ಸೆಲ್ಫಿ ತೆಗೆಯುತ್ತಿದ್ದ ಹುಡುಗಿಯರು ಅವನ ಮುಖ ನೋಡಿ ಹೆದರಿ ಸರಿದರು. ದೂರದಲ್ಲಿ ನೀರಿನ ಮೇಲೆ ಹಸಿರು ಏನೋ ತೇಲಿದಂತೆ ಕಂಡು ಪ್ಯಾಂಟು ನೆನೆಯುವಂತೆ ಸೊಂಟದವರೆಗೆ ಇಳಿದುಬಿಟ್ಟ. ಹರಿದ ಬಲೆಯ ತುಂಡು.

ಮೇಲೆ ಬಂದಾಗ ದುರ್ಗಾ ಎದುರಿಗೆ ನಿಂತಿದ್ದಳು. ಅಂಗಡಿಸಾಲು, ಗೋರಿಗಳ ಆವರಣ, ಗುಡಿಯ ಬುಡ ಎಲ್ಲವನ್ನೂ ಆಟೋದಲ್ಲಿ ಸುತ್ತಿ ಬಂದಿದ್ದಳು. ಅವಳ ಕಣ್ಣು ಅವನ ಒದ್ದೆ ಬಟ್ಟೆಯ ಮೇಲಿತ್ತು.

"ಏವಂಡೀ, ನಾನು ಊರೆಲ್ಲ ಹುಡುಕಿದೆ. ನೀವು ಯಾಕೆ ನೀರನ್ನೇ ಹುಡುಕ್ತಿದ್ದೀರಿ?"

ಅವನು ಬಗ್ಗಿ ಪ್ಯಾಂಟಿನ ನೀರು ಹಿಂಡತೊಡಗಿದ.

"ನಿಮಗೇನೋ ಗೊತ್ತಿದೆ. ಹೇಳಿ."

ಅಲ್ಲಿಯೇ, ಪಾದದವರೆಗೆ ಅಲೆ ಬಂದು ಹೋಗುತ್ತಿರುವಾಗ, ಅವನು ವಾರ್ಡನ್ನಿನ ಫೋನಿನ ವಿಷಯ ಹೇಳಿದ. ಅಂಚು ಎಂಬ ಮಾತಿಗೆ ಬಂದಾಗ ಧ್ವನಿ ಒಡೆಯಿತು. ದುರ್ಗಾ ಅಳಲಿಲ್ಲ, ಕೂಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಬಂದ ದಿನದಿಂದ ನಾನು ಅವಳ ಕೈಗೆ ಪುಸ್ತಕ ಕೊಡ್ತಾನೇ ಇದ್ದೀನಿ," ಎಂದಳು. "ನೀವು ಅದನ್ನು ನೋಡ್ತಾ ಕೂತಿದ್ರಿ."

ಆಮೇಲೆ ಅವನನ್ನು ಅಲ್ಲೇ ಬಿಟ್ಟು, ಮಗಳ ಹೆಸರು ಕೂಗುತ್ತ ಅಳಿವೆಯ ಕಡೆ ನಡೆದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಬೀದಿಯಲ್ಲಿ ಗಟ್ಟಿಯಾಗಿ ಮಾತಾಡಿದ್ದನ್ನೂ ಅವನು ಕೇಳಿರಲಿಲ್ಲ. ಆ ಕೂಗಿಗೆ ದೋಣಿಗಳ ನೆರಳಲ್ಲಿ ಮಲಗಿದ್ದವರು ಎದ್ದು ಕೂತರು. ಅವರಲ್ಲೊಬ್ಬ ವಿಷಯ ಕೇಳಿ, "ಹಸಿರು ಬಟ್ಟೆಯ ಹುಡುಗಿಯಾ? ಕೋಟೇಶ್ವರಮ್ಮನ ದೋಣಿ ಹತ್ತಿದಳಲ್ಲ. ಮೀನಿನ ಬುಟ್ಟಿಯವರ ಜೊತೆ ಆಚೆ ದಡಕ್ಕೆ ಹೋದಳು. ಮಾರಾಟ ಮುಗಿಸಿ ಇನ್ನೇನು ಬರುತ್ತಾರೆ," ಎಂದ.

"ಆಚೆ ದಡಕ್ಕೆ ಇಳಿದದ್ದು ನೋಡಿದಿರಾ?" ಎಂದು ಹಿಂದೆಯೇ ಓಡಿ ಬಂದ ರಾಮಮೋಹನ ಕೇಳಿದ.

"ಹತ್ತಿದ್ದು ನೋಡಿದೆ ಸಾರ್. ಇಳಿದದ್ದು ಇಲ್ಲಿಂದ ಎಲ್ಲಿ ಕಾಣುತ್ತೆ?"

ಇನ್ನೊಂದು ದೋಣಿ ಕೇಳಿದರೆ ಇರಲಿಲ್ಲ. ಸೇತುವೆ ಸುತ್ತಿ ಹೋದರೆ ಅಷ್ಟರಲ್ಲಿ ಅವರು ಈಚೆ ಬಂದುಬಿಟ್ಟರೆ? ಗಂಡ ಹೆಂಡತಿ ಅಳಿವೆಯ ಒದ್ದೆ ಮರಳಿನ ಮೇಲೆ ನಿಂತರು. ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿತ್ತು. ಇಳಿತದ ನೀರು ಕಡಲಿಗೆ ರಭಸದಿಂದ ಓಡುತ್ತಿತ್ತು. ಅವನು ನಾಲ್ಕು ಮಾತು ಹೇಳಲು ನೋಡಿದ. ದುರ್ಗಾ ಕೈ ಅಡ್ಡ ಹಿಡಿದಳು.

ಕೊನೆಗೆ ಆಚೆಯಿಂದ ದೋಣಿಯೊಂದು ಹೊರಟಿತು. ಮೊದಲು ಕಂಡದ್ದು ಖಾಲಿ ಬುಟ್ಟಿಗಳ ಗೋಪುರ. ಆಮೇಲೆ ಹೆಂಗಸರ ತಲೆಗಳು. ಅವರ ನಡುವೆ ಹಸಿರು ಇದೆಯೋ ಇಲ್ಲವೋ ಎಂದು ಹೇಳುವುದು ಬಹಳ ಹೊತ್ತಿನವರೆಗೆ ಸಾಧ್ಯವಾಗಲಿಲ್ಲ. ದುರ್ಗಾಳಿಗೇ ಮೊದಲು ಕಂಡಿತು. ಅವಳು ಬಾಯಿಗೆ ಎರಡೂ ಕೈ ಒತ್ತಿಕೊಂಡು ಕುಸಿದು ಕೂತಳು.

ಪ್ರೇರಣಾ ದೋಣಿಯಿಂದ ಇಳಿದು ಅಮ್ಮನನ್ನೂ ಒದ್ದೆಯಾದ ಅಪ್ಪನನ್ನೂ ನೋಡಿ ಗಾಬರಿಯಾದಳು. "ಏಮಯಿಂದಮ್ಮಾ? ಯಾಕೆ ಅಳ್ತಿದೀಯಾ?"

ದುರ್ಗಾ ಮಗಳನ್ನು ಎಳೆದು ಅಪ್ಪಿಕೊಂಡಳು. ಕೋಟೇಶ್ವರಮ್ಮ ಎಂಬ ದಪ್ಪ ಹೆಂಗಸು ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ಕೇಳಿದಳು: "ನಿಮ್ಮ ಹುಡುಗಿಯಾ? ಬರಲಾ ಅಂದಳು, ಕೂತ್ಕೋ ಅಂದೆ. ಮನೆಯವರಿಗೆ ಹೇಳಿದ್ದೀನಿ ಅಂದಳಲ್ಲಮ್ಮ. ಹೋಗುವಾಗಲೂ ಮಾತಿಲ್ಲ, ಬರುವಾಗಲೂ ಮಾತಿಲ್ಲ. ಮಜ್ಜಿಗೆ ಕೊಟ್ಟರೆ ಕುಡಿದಳು." ತನ್ನ ಮೇಲೆ ತಪ್ಪು ಬಂದೀತೆಂದು ಅವಳ ದನಿಯಲ್ಲಿ ಅಳುಕಿತ್ತು. ರಾಮಮೋಹನ ಕೈ ಮುಗಿದ.

ಮೂವರೂ ಗಾಳಿಮರಗಳ ಕೆಳಗೆ ಬಂದು ಕೂತರು. ದುರ್ಗಾ ಮಗಳ ಕೈ ಬಿಟ್ಟಿರಲಿಲ್ಲ.

"ಟೆರೇಸಿನ ವಿಷಯ ನನಗೆ ಈಗ ಗೊತ್ತಾಯ್ತು ತಲ್ಲೀ," ಎಂದಳು. "ಈಗ, ಇಲ್ಲಿ."

"ಈಗಾ?" ಪ್ರೇರಣಾ ಅಪ್ಪನ ಕಡೆ ತಿರುಗಿದಳು. "ನೀನು ಅಮ್ಮನಿಗೆ ಹೇಳಿರಲಿಲ್ವಾ?"

ರಾಮಮೋಹನ ತಲೆ ತಗ್ಗಿಸಿದ.

"ವಾರ್ಡನ್ ಮೇಡಂ ನಿಮ್ಮಪ್ಪನಿಗೆ ಫೋನ್ ಮಾಡಿದ್ದೀನಿ ಅಂದ್ರು. ಅವತ್ತು ಸಾಯಂಕಾಲ ನೀವಿಬ್ರೂ ಬರ್ತೀರಿ ಅಂತ ಗೇಟ್ ಹತ್ರ ಕಾದೆ. ಬರಲಿಲ್ಲ. ಮನೆಗೆ ಬಂದ ಮೇಲಾದ್ರೂ ಕೇಳ್ತೀರಿ ಅಂದ್ಕೊಂಡೆ. ಅಮ್ಮ ದಿನಾ ಟೆಸ್ಟ್ ಬಗ್ಗೆ ಕೇಳಿದ್ಲು, ನೀನು ಹಾಲಿನ ಬಗ್ಗೆ ಕೇಳಿದೆ." ಅವಳು ಮರಳನ್ನು ಬೆರಳಿನಿಂದ ಗೀರುತ್ತ ಕೂತಳು. "ಇಬ್ರಿಗೂ ಗೊತ್ತಿದ್ದೂ ಯಾರೂ ಏನೂ ಅನ್ನಲ್ಲ ಅಂದ್ರೆ, ನಂದು ಅಷ್ಟು ದೊಡ್ಡ ವಿಷಯ ಏನೂ ಅಲ್ಲ ಅಂತ ಅನ್ನಿಸ್ತು."

ಯಾರಾದರೂ ಎದೆಗೆ ಒದ್ದಿದ್ದರೂ ರಾಮಮೋಹನನಿಗೆ ಅಷ್ಟು ನೋವಾಗುತ್ತಿರಲಿಲ್ಲ. ತಾನು ಒಬ್ಬಳಿಂದ ಮುಚ್ಚಿಟ್ಟದ್ದು ಇನ್ನೊಬ್ಬಳ ಪಾಲಿಗೆ ಇಬ್ಬರ ಮೌನವಾಗಿತ್ತು.

"ದೋಣಿ ಹತ್ತಿದ್ದು ಯಾಕಮ್ಮ?" ಎಂದು ಕೇಳಿದ.

"ನಾಳೆ ಹೋಗ್ಬೇಕಲ್ಲ ಅಂತ ನೆನಪಾಗಿ ಉಸಿರು ಕಟ್ಟಿದ ಹಾಗಾಯ್ತು. ಆ ದೋಣಿ ಹೊರಟಿತ್ತು. ಎಲ್ಲಿಗಾದ್ರೂ ಸರಿ ಅನ್ನಿಸ್ತು. ನೀರಿಗೆ ಬೀಳೋಕೆ ಹೋಗಿದ್ದಲ್ಲ ಅಪ್ಪಾ."

"ಮತ್ತೆ ಅವತ್ತು? ಟೆರೇಸಲ್ಲಿ?"

ಇಷ್ಟು ದಿನ ಕೋಣೆಯ ಬಾಗಿಲಲ್ಲಿ ನಿಂತು ಅವನು ನುಂಗಿಕೊಂಡಿದ್ದ ಪ್ರಶ್ನೆ ಅದು. ಪ್ರೇರಣಾ ಕಡಲ ಕಡೆ ನೋಡಿದಳು.

"ಅವತ್ತು ಗೊತ್ತಿಲ್ಲ," ಎಂದಳು. ಆಮೇಲೆ ಅಳಲು ಶುರುಮಾಡಿದಳು. ಅಳು ನಿಲ್ಲುವಷ್ಟರಲ್ಲಿ ದಡದ ಹರಾಜು ಮುಗಿದು ಜನ ಚದುರಿದ್ದರು.

ವಾಪಸ್ಸು ಬರುವಾಗ ದುರ್ಗಾ ಹಿಂದಿನ ಸೀಟಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೆಂಪು ದಿಬ್ಬಗಳು ಬಂದವು, ಹೋದವು. ಯಾರೂ ಕಾರು ನಿಲ್ಲಿಸೆನ್ನಲಿಲ್ಲ. ಮನೆಯ ಬಾಗಿಲಲ್ಲಿ ಅವಳು ಗಂಡನಿಗೆ ಹೇಳಿದ್ದು ಇಷ್ಟೇ: "ನಾಳೆಯ ರೈಲಿಗೆ ನೀವು ಹೋಗಿ. ಅವಳ ಸಾಮಾನೆಲ್ಲ ತನ್ನಿ. ಮಂಡಿಗೆ ಹೋಗಿ ನಮ್ಮ ನಾನ್ನನಿಗೂ ನೀವೇ ಹೇಳಿ. ಎಲ್ಲಾ ಹೇಳಿ, ನೀವು ಮುಚ್ಚಿಟ್ಟದ್ದೂ ಸೇರಿಸಿ."

ಮರುದಿನ ವಿಜಯವಾಡದ ಒನ್ ಟೌನಿನ ಮಂಡಿಯಲ್ಲಿ ಹಮಾಲರು ಮೆಣಸಿನಕಾಯಿ ಚೀಲ ಇಳಿಸುತ್ತಿದ್ದರು. ಘಾಟಿಗೆ ರಾಮಮೋಹನನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಾವ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೇಳಿದರು. ಮೊದಮೊದಲು, "ಆ ಸೀಟಿಗೆ ನಾನು ಎಷ್ಟು ಜನರ ಕಾಲು ಹಿಡಿದಿದ್ದೇನೆ ಗೊತ್ತಾ ಅಲ್ಲುಡುಗಾರೂ," ಎಂದು ಅಳಿಯನನ್ನು ಕೇಳಿದರು. "ಎಲ್ಲ ಮಕ್ಕಳೂ ಓದುತ್ತಿಲ್ಲವಾ?" ಎಂದೂ ಅಂದರು. ಟೆರೇಸಿನ ಮಾತು ಬಂದ ಮೇಲೆ ಲೆಕ್ಕದ ಪುಸ್ತಕ ಮುಚ್ಚಿದರು. ತಕ್ಕಡಿಯವನು ಏನೋ ಕೇಳಲು ಬಂದರೆ ಕೈಸನ್ನೆಯಲ್ಲೇ ಕಳಿಸಿದರು. ಆಮೇಲೆ ಎದ್ದು ಅಂಗವಸ್ತ್ರ ಹೆಗಲಿಗೆ ಹಾಕಿಕೊಂಡು, "ನಡೀರಿ, ನಾನೂ ಬರ್ತೇನೆ. ಸೇರಿಸಿದ್ದು ನಾನು," ಎಂದರು.

ಕಾಲೇಜಿನ ಮ್ಯಾನೇಜರ್ ಸುಲಭಕ್ಕೆ ಬಿಡಲಿಲ್ಲ. ನಡುವೆ ಬಿಟ್ಟರೆ ಹುಡುಗಿಯ ಭವಿಷ್ಯ ಹಾಳಾಗುತ್ತದೆ, ಎಲ್ಲರಿಗೂ ಶುರುವಿನಲ್ಲಿ ಹೀಗೇ, ನಾವು ಕೌನ್ಸೆಲಿಂಗ್ ಮಾಡಿಸುತ್ತೇವೆ ಎಂದ. ಮಾವನವರು ಅವನ ಮಾತು ಮುಗಿಯುವವರೆಗೆ ಕಾದು, "ಮಗುವಿನ ಪೆಟ್ಟಿಗೆ ಎಲ್ಲಿದೆ ಬಾಬೂ?" ಎಂದು ಕೇಳಿದರು. ಅವನು ಮತ್ತೆ ಶುರುಮಾಡಿದ. ಅವರು ಮತ್ತೆ ಅದನ್ನೇ ಕೇಳಿದರು.

ಫೋನ್ ಮಾಡಿದ್ದ ವಾರ್ಡನ್ ಅಲ್ಲೇ ಇದ್ದರು. ನಡುವಯಸ್ಸಿನ ಸಣಕಲು ಹೆಂಗಸು. ಸಾಮಾನು ಕಟ್ಟಿಸಿಕೊಡುತ್ತ ಮೆಲ್ಲಗೆ, "ನೀವು ಅವತ್ತೇ ಬರ್ತೀರಿ ಅಂದ್ಕೊಂಡಿದ್ದೆ ಸಾರ್," ಎಂದರು. ಆ ಟೆರೇಸನ್ನು ನೋಡಬಹುದೇ ಎಂದು ರಾಮಮೋಹನ ಕೇಳಿದ. ಅವರು ಬೀಗದ ಕೈ ತಂದರು; ಈಗ ಅಲ್ಲಿಗೆ ಕಬ್ಬಿಣದ ಬಾಗಿಲು ಹಾಕಿಸಿದ್ದರು. ಮೇಲೆ ನೀರಿನ ಟ್ಯಾಂಕು, ಪಾರಿವಾಳದ ಒಣಗಿದ ಹಿಕ್ಕೆ, ಮೊಣಕಾಲೆತ್ತರದ ಕಟ್ಟೆ. ಕೆಳಗೆ ಒಂದು ಕಾಲುವೆ, ಆಚೆ ಬಾಳೆತೋಟ. ಅವನು ಕಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿದ. ಹಿಂದೆ ಸರಿದು ಟ್ಯಾಂಕಿನ ನೆರಳಲ್ಲಿ ಕೂತ. ವಾರ್ಡನ್ ಬಾಗಿಲ ಬಳಿ ನಿಂತು ಕಾದರು, ಅವಸರ ಮಾಡಲಿಲ್ಲ.

ಪ್ರೇರಣಾ ಆ ವರ್ಷ ಮತ್ತೆಲ್ಲೂ ಸೇರಲಿಲ್ಲ. ವಿಶಾಖಪಟ್ಟಣದಲ್ಲಿ ಮನೋವೈದ್ಯರೊಬ್ಬರನ್ನು ಕಾಣತೊಡಗಿದರು. ಮಾತ್ರೆಗೆ ಮೊದಲು ನಿದ್ದೆ ಹೆಚ್ಚಾಯಿತು, ಆಮೇಲೆ ಹದಕ್ಕೆ ಬಂತು. ಮುಂದಿನ ಜೂನಿನಲ್ಲಿ ಅವಳು ಮನೆಯ ಹತ್ತಿರದ ಸಾಧಾರಣ ಕಾಲೇಜಿಗೆ, ಅವಳೇ ಕೇಳಿದ ಆರ್ಟ್ಸ್ ವಿಭಾಗಕ್ಕೆ ಸೇರಿದಳು. ಅಜ್ಜ ಮಂಡಿಯಲ್ಲಿ ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಆದರೆ ಪ್ರತಿ ಭಾನುವಾರ ಮೊಮ್ಮಗಳಿಗೆ ಫೋನ್ ಮಾಡಿ ಓದಿನ ವಿಷಯ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದರು. ದುರ್ಗಾ ಗಂಡನೊಂದಿಗೆ ಮಾತು ಬಿಟ್ಟಿರಲಿಲ್ಲ. ಆದರೆ ಬ್ಯಾಂಕಿನಿಂದ ಅವನು ಏನಾದರೂ ಸುದ್ದಿ ತಂದರೆ, "ಇಷ್ಟೇನಾ, ಇನ್ನೂ ಇದೆಯಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು. ಪ್ರತಿಸಲವೂ ಅದು ಅವನಿಗೆ ಚುಚ್ಚುತ್ತಿತ್ತು. ಚುಚ್ಚಲೆಂದೇ ಅವಳು ಕೇಳುತ್ತಿದ್ದಳೋ, ನಿಜವಾಗಿ ತಿಳಿಯಬೇಕೆಂದು ಕೇಳುತ್ತಿದ್ದಳೋ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಒಂದು ಸಂಜೆ ಅವನು ಮನೆಗೆ ಬಂದಾಗ ಪ್ರೇರಣಾ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಹೇಗಿತ್ತಮ್ಮ ಈ ದಿನ ಎಂದು ಕೇಳಿದ. ಕೆಲವು ದಿನ ಅವಳು ಚೆನ್ನಾಗಿತ್ತು ಎನ್ನುವಳು, ಕೆಲವು ದಿನ ಬಾಗಿಲು ಹಾಕಿಕೊಳ್ಳುವಳು.

"ಇವತ್ತು ಚೆನ್ನಾಗಿರಲಿಲ್ಲ ಅಪ್ಪಾ," ಎಂದಳು.

ರಾಮಮೋಹನ ಬ್ಯಾಗನ್ನು ಕೆಳಗಿಟ್ಟು ನೆಲದ ಮೇಲೆ ಅವಳ ಪಕ್ಕದಲ್ಲಿ ಕೂತ. "ಹೇಳು," ಎಂದ.